ಪೆರ್ಲದ ಸುರಂಗ, ನಮ್ಮೂರಿನ ಬೋರು

ಬೇಕಲ ಕೋಟೆ ಚೆನ್ನಾಗಿದೆ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೆರ್ಲದ ಹತ್ತಿರದ ಒಂದು ಅಡಿಕೆ ತೋಟ ಮತ್ತು ಆ ತೋಟಕ್ಕೆ ನೀರು ಕೊಡುವ ಸುರಂಗ.

ನಮ್ಮದು ಚನ್ನಗಿರಿ ಕಡೆಯ ಹಳ್ಳಿ. ನಾನು ಚಿಕ್ಕವನಿದ್ದಾಗ ನಮ್ಮ ಹೊಲದಲ್ಲಿ ಜೋಳ ಇತ್ತು, ಆಮೇಲೆ ಮೆಕ್ಕೆಜೋಳ ಬಂತು. ಈಗ ಎತ್ತ ನೋಡಿದರೂ ಅಡಿಕೆ. ಬಯಲುಸೀಮೆಯವರು ಹೀಗೆ ತೋಟ ಹಾಕಿದ್ದರಿಂದಲೂ ದೇಶದ ಲೆಕ್ಕ ಬದಲಾಯಿತು. 1970ರ ಆಸುಪಾಸಿನಲ್ಲಿ ಇಡೀ ಭಾರತದ ಅಡಿಕೆ ಸುಮಾರು 1.5 ಲಕ್ಷ ಟನ್ ಇತ್ತು. ಈಗ 10 ಲಕ್ಷ ಟನ್ ದಾಟಿದೆ. ಅದರಲ್ಲಿ ಮುಕ್ಕಾಲು ಪಾಲು ಕರ್ನಾಟಕದ್ದೇ.

ಮೊದಲ ರಾತ್ರಿ ಕಾಸರಗೋಡು ಪೇಟೆಯಲ್ಲಿ ಒಂದು ಲಾಡ್ಜಿಗೆ ಮುಂಗಡ ಕಟ್ಟಿದ್ದೆವು. ಹೋಗಿ ನೋಡಿದರೆ ನಮ್ಮ ರೂಮು ಬೇರೆಯವರಿಗೆ ಕೊಟ್ಟಾಗಿತ್ತು. ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಹೋಗುವವರು ಹಿಂದಿನ ಸಂಜೆ ಫೋನ್ ಮಾಡಿ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಮರುದಿನ ಬದಿಯಡ್ಕ ದಾಟಿ ಪೆರ್ಲದ ದಾರಿ ಹಿಡಿದ ಮೇಲೆಯೇ ನನ್ನ ಸಿಟ್ಟು ಇಳಿದದ್ದು. ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಕಿವಿಗೆ ಬೀಳುತ್ತವೆ.

ಗೆಳೆಯನ ನೆಂಟರ ಮನೆ ಅದು. ಅಂಗಳ ತುಂಬ ಹಣ್ಣಡಿಕೆ ಒಣ ಹಾಕಿದ್ದರು. ನಮ್ಮಲ್ಲಿ ಹಸಿರಡಿಕೆ ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ರಾಶಿ ಅನ್ನುವ ಕೆಂಪಡಿಕೆ ಮಾಡುತ್ತೇವೆ. ಇಲ್ಲಿ ಸಿಪ್ಪೆ ಸಮೇತ ಒಂದೂವರೆ ತಿಂಗಳು ಬಿಸಿಲಿಗೆ ಬಿಟ್ಟು, ಆಮೇಲೆ ಸುಲಿದು ಚಾಲಿ ಅನ್ನುವ ಬಿಳಿ ಅಡಿಕೆ ಮಾಡುತ್ತಾರೆ. ರುಚಿಯ ಮಾತು ಬಂದರೆ ನನಗೆ ರಾಶಿಯೇ ಸರಿ. ಚಾಲಿ ಬಾಯಲ್ಲಿ ಸಪ್ಪೆ ಅನ್ನಿಸುತ್ತದೆ. ಆದರೆ ಸುಮ್ನೆ ಬಿಸಿಲನ್ನು ನಂಬಿ ಕೆಲಸ ಮಾಡುವ ಅವರ ತಾಳ್ಮೆ ನನಗೆ ಬಹಳ ಹಿಡಿಸಿತು.

ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ನಾನು ಎಲ್ಲಿಯವನು ಅಂತ ಕೇಳಿದ ಮೇಲೆ ಅವರ ಮೊದಲ ಪ್ರಶ್ನೆ ಇದು:

“ನಿಮ್ಮಲ್ಲಿ ತೋಟಕ್ಕೆ ನೀರು ಎಲ್ಲಿಂದ?”

“ಬೋರು, ಅಜ್ಜ.”

“ಎಷ್ಟು ಅಡಿ?”

“ಎಂಟುನೂರು. ಕೆಲವರದ್ದು ಇನ್ನೂ ಜಾಸ್ತಿ.”

ಅವರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದರು. “ಅಷ್ಟು ಕೆಳಗೆ ಹೋದ ಮೇಲೆ ಇನ್ನೆಂತ ಉಂಟು ಮಾರಾಯ್ರೆ? ಬನ್ನಿ, ನಮ್ಮ ನೀರು ನೋಡಿ.”

ತೋಟದ ಮೇಲಿನ ಗುಡ್ಡದಲ್ಲಿ ಒಂದು ಕಂಡಿ. ಒಬ್ಬ ಮನುಷ್ಯ ತಲೆ ಬಗ್ಗಿಸಿ ಹೋಗುವಷ್ಟೇ ಎತ್ತರ, ಎರಡೂವರೆ ಅಡಿ ಅಗಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ತುಂಬ ಪಿಕ್ಕಾಸಿನ ಗುರುತು. ಪಾದ ಮುಳುಗುವಷ್ಟು ನೀರು, ತಣ್ಣಗೆ, ನಿಧಾನವಾಗಿ ಹೊರಗೆ ಬರುತ್ತಿತ್ತು. ಮೋಟರು ಇಲ್ಲ, ಕರೆಂಟು ಇಲ್ಲ. ಇಳಿಜಾರಿಗೆ ಹರಿದು ಕೆಳಗಿನ ಮಣ್ಣಿನ ಕೆರೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಪೈಪಿನಲ್ಲಿ ತೋಟಕ್ಕೆ. ಉದ್ದ 120 ಕೋಲು ಅಂದರು. ಒಂದು ಕೋಲು ಅಂದರೆ ಎರಡೂವರೆ ಅಡಿ. ಅಂದರೆ 300 ಅಡಿ, ಎಲ್ಲವೂ ಕೈಯಿಂದ ಕೊರೆದದ್ದು! ಒಳಗೆ ಕೊರೆಯುವವರು ಮೇಣದ ಬತ್ತಿ ಇಟ್ಟುಕೊಳ್ಳುತ್ತಿದ್ದರಂತೆ. ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ತಿಳಿದು ಹೊರಗೆ ಬರಬೇಕು.

ಇಲ್ಲಿಂದ ದೂರವಿಲ್ಲದ ಬಂಟ್ವಾಳ ತಾಲೂಕಿನ ಕೇಪು ಗ್ರಾಮದಲ್ಲಿ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು, ಬೋಳುಗುಡ್ಡದಲ್ಲಿ ಅಡಿಕೆ ಬೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಓದಿದ್ದೆ. ಒಳಗೆ ನಾಲ್ಕು ಹೆಜ್ಜೆ ಹಾಕಿ, ಕತ್ತಲಲ್ಲಿ ಆ ಗೋಡೆ ಮುಟ್ಟಿದಾಗಲೇ ಆ ದುಡಿಮೆ ಏನು ಅಂತ ನನಗೆ ಅರ್ಥವಾದದ್ದು.

ಹೊರಗೆ ಬಂದು ಕೆರೆಯ ದಂಡೆಯಲ್ಲಿ ಕೂತೆವು. ಮಾತು ಮುಗಿಯಲೇ ಇಲ್ಲ. 1970ರ ಸುಮಾರಿಗೆ ಧಾರಣೆ ನೆಲಕಚ್ಚಿದ್ದು, 1973ರಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಅನ್ನುವ ಅಡಿಕೆ ಸಹಕಾರ ಸಂಸ್ಥೆ ಕಟ್ಟಿದ್ದು, ಎಲ್ಲ ಅವರಿಗೆ ನೆನಪಿದೆ. ಹೊರದೇಶದ ಅಡಿಕೆಗೆ 2023ರಲ್ಲಿ ಕೇಂದ್ರ ಸರಕಾರ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿದೆಯಲ್ಲ, ಸಾಕಾಗುವುದಿಲ್ಲವೇ ಅಂತ ಕೇಳಿದೆ.

“ಹೊರಗಿನದ್ದು ತಡೆಯಬಹುದು. ಒಳಗೇ ಇಷ್ಟು ಬೆಳೆದರೆ ಯಾರನ್ನು ತಡೆಯುವುದು? ನಮ್ಮಲ್ಲಿ ಕೊಳೆರೋಗ, ಹಳದಿರೋಗ, ಈಗ ಎಲೆಚುಕ್ಕಿ. ಮರ ಹತ್ತುವವರಿಲ್ಲ, ದೋಟಿ ಹಿಡಿದು ಕೊಯ್ಯುವುದು. ನಾವು ಕಮ್ಮಿ ಆಗ್ತಾ ಇದ್ದೇವೆ, ನೀವು ಜಾಸ್ತಿ ಆಗ್ತಾ ಇದ್ದೀರಿ. ನಿಮ್ಮ ನೀರು ಎಷ್ಟು ವರ್ಷಕ್ಕೆ ಉಂಟು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಲ್ಲೂ ಸುರಂಗ ಆಗುತ್ತದಾ ಅಂತ ಕೇಳಿದೆ.

“ಆಗ್ಲಿಕ್ಕಿಲ್ಲ. ಗುಡ್ಡ ಬೇಕು, ಮುರ ಬೇಕು, ಮಳೆ ಬೇಕು. ಇಲ್ಲಿಯೂ ಪಕ್ಕದಲ್ಲಿ ಬೋರು ಬಿದ್ದ ಮೇಲೆ ಎರಡು ಸುರಂಗದ ನೀರು ಸಣ್ಣ ಆಯ್ತು. ನಿಮಗೆ ಬಿದ್ದ ಮಳೆಯನ್ನು ನೀವು ನಿಲ್ಲಿಸಿ, ಅಷ್ಟೇ.”

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅದರ ಕಾಲು ಭಾಗ ಬಂದರೆ ಹೆಚ್ಚು. ಆದರೂ ಇಷ್ಟೊಂದು ಮಳೆಯ ಊರಿನವರು ಹನಿ ಹನಿ ಲೆಕ್ಕ ಇಡುತ್ತಾರೆ, ನಾವು ಬೋರಿಗೆ ಹೊಸ ಪಾಯಿಂಟ್ ಹುಡುಕುತ್ತೇವೆ. ಇದು ಸರಿಯಲ್ಲ.

ಮನೆಯಲ್ಲಿ ಇನ್ನೆರಡು ಎಕರೆಗೆ ಅಡಿಕೆ ಸಸಿ ಹಾಕುವ ಮಾತು ನಡೆದಿತ್ತು. ಸಸಿ ಈ ವರ್ಷ ಬೇಡ, ಆ ದುಡ್ಡಲ್ಲಿ ಮೊದಲು ನಮ್ಮ ಕೃಷಿಹೊಂಡದ ಹೂಳು ತೆಗೆಸೋಣ ಅಂತ ಅಣ್ಣನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅಣ್ಣ ಇನ್ನೂ ಒಪ್ಪಿಲ್ಲ. ಮುಂದಿನ ಸಲ ಅವನನ್ನೇ ಪೆರ್ಲಕ್ಕೆ ಕರೆದುಕೊಂಡು ಹೋಗುತ್ತೇನೆ.