ಎಟಿಪಿ, ಪಾಲಕ್ ಸೊಪ್ಪು ಮತ್ತು ಸೋರುವ ಪೊರೆ

ಪಿಯುಸಿಯಲ್ಲಿ ಕ್ರೆಬ್ಸ್ ಸೈಕಲ್, ಅಂದರೆ ಜೀವಕೋಶದಲ್ಲಿ ಆಹಾರ ಉರಿಯುವ ಹಂತಗಳ ಚಕ್ರ, ಉರು ಹೊಡೆದವರು ಎಷ್ಟು ಜನ ಇದ್ದೀರಿ? ಸಿಟ್ರಿಕ್ ಆ್ಯಸಿಡ್‌ನಿಂದ ಹೊರಟು ಒಂದು ಸುತ್ತು ಬಂದು, ಬಾಣದ ಗುರುತೆಲ್ಲ ಸರಿಯಾಗಿ ಹಾಕಿ, ಕೊನೆಗೆ "ಒಂದು ಗ್ಲೂಕೋಸ್‌ಗೆ 38 ಎಟಿಪಿ" ಅಂತ ಬರೆದು ಅಡಿಗೆರೆ ಎಳೆದರೆ ಮಾರ್ಕ್ಸ್ ಗ್ಯಾರಂಟಿ. ಹಾಗೆ ಬರೆದವರನ್ನೇ ಹಿಡಿದು, ಸರಿ ಕಣಪ್ಪ, ಆ ಎಟಿಪಿ ತಯಾರಾಗುವುದು ಹೇಗೆ ಅಂತ ಕೇಳಿ ನೋಡಿ. ಮುಕ್ಕಾಲು ಪಾಲು ಜನ ಮತ್ತೆ ಅದೇ ಚಕ್ರ ತೋರಿಸುತ್ತಾರೆ. ಆದರೆ ಒಂದು ಗ್ಲೂಕೋಸ್‌ಗೆ ಆ ಚಕ್ರದಲ್ಲಿ ನೇರವಾಗಿ ಸಿಗುವುದು ಎರಡೇ ಎರಡು. ಉಳಿದದ್ದೆಲ್ಲ ಪಾಠದ ಕೊನೆಯಲ್ಲಿ, ಪೋರ್ಷನ್ ಮುಗಿಸುವ ಅವಸರದಲ್ಲಿ ಮೇಷ್ಟ್ರು ಹಾರಿಸಿಕೊಂಡು ಹೋಗುವ ಭಾಗದಲ್ಲಿದೆ. ಪಾಠ ಶುರುವಾಗಬೇಕಾದ್ದೇ ಅಲ್ಲಿಂದ ಅಂತ ನನ್ನ ವಾದ.

ಮೊದಲು ಎಟಿಪಿ ಬಗ್ಗೆ ಎರಡು ಮಾತು. ಮೂರು ಫಾಸ್ಫೇಟ್ ಸಾಲಾಗಿ ಅಂಟಿಕೊಂಡಿರುವ ಚಿಕ್ಕ ಅಣು ಅದು. ಕೊನೆಯ ಫಾಸ್ಫೇಟ್ ಕಳಚಿದರೆ ಎಡಿಪಿ. ಆ ಕಳಚುವಾಗ ಸಿಗುವ ಶಕ್ತಿಯಲ್ಲೇ ಸ್ನಾಯು ಎಳೆಯುತ್ತದೆ, ನರಗಳ ಪಂಪು ಓಡುತ್ತದೆ, ಪ್ರೋಟೀನ್ ಕಟ್ಟುವ ಕೆಲಸ ನಡೆಯುತ್ತದೆ. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದರು. ಅದೇ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಸೇರಿ ಇದನ್ನೇ ಕಂಡುಹಿಡಿದ ಇನ್ನೊಬ್ಬರು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಹೆಸರು ನಮ್ಮ ಪಾಠಗಳಲ್ಲಿ ಕಾಣುವುದೇ ಅಪರೂಪ, ಯಾಕೋ ಗೊತ್ತಿಲ್ಲ.

ನಮ್ಮ ಮೈಯಲ್ಲಿ ಯಾವ ಗಳಿಗೆಯಲ್ಲಿ ನೋಡಿದರೂ ಇರುವ ಎಟಿಪಿ ಕಾಲು ಕೆಜಿ ದಾಟುವುದಿಲ್ಲ. ಆದರೆ ದಿನವೊಂದಕ್ಕೆ ನಾವು ಖರ್ಚು ಮಾಡುವುದು ಹೆಚ್ಚುಕಡಿಮೆ ನಮ್ಮ ತೂಕದಷ್ಟು! ಅಂದರೆ ಒಂದೊಂದು ಅಣುವೂ ದಿನಕ್ಕೆ ನೂರಾರು ಸಲ ಎಡಿಪಿ ಆಗಿ, ಮತ್ತೆ ಫಾಸ್ಫೇಟ್ ಅಂಟಿಸಿಕೊಂಡು ವಾಪಸ್ ಬರುತ್ತದೆ. ಕೂಡಿಡುವ ಮಾತೇ ಇಲ್ಲ. ತಯಾರಿ ನಿಂತರೆ ಮೆದುಳು, ಹೃದಯ ಎಲ್ಲ ನಿಮಿಷಗಳಲ್ಲಿ ಕೆಡುತ್ತವೆ. ಸಯನೈಡ್ ಅಷ್ಟು ಬೇಗ ಕೊಲ್ಲುವುದು ಇದೇ ಕಾರಣಕ್ಕೆ.

ಈಗ ಅಸಲು ವಿಷಯ. 1950ರ ದಶಕದಲ್ಲಿ ದೊಡ್ಡ ದೊಡ್ಡ ಲ್ಯಾಬ್‌ಗಳೆಲ್ಲ ಒಂದು ಅಣುವಿನ ಹಿಂದೆ ಬಿದ್ದಿದ್ದವು. ಆಹಾರ ಉರಿದಾಗ ಸಿಗುವ ಶಕ್ತಿಯನ್ನು ಹಿಡಿದುಕೊಂಡು ಎಡಿಪಿಗೆ ದಾಟಿಸುವ, ನಡುವಿನ ಯಾವುದೋ ರಾಸಾಯನಿಕ ಇರಲೇಬೇಕು ಅಂತ ಎಲ್ಲರ ನಂಬಿಕೆ. ವರ್ಷಗಟ್ಟಲೆ ಹುಡುಕಿದರು. ಸಿಗಲಿಲ್ಲ. 1961ರಲ್ಲಿ ಪೀಟರ್ ಮಿಚೆಲ್ ಅನ್ನುವ ಇಂಗ್ಲಿಷ್ ವಿಜ್ಞಾನಿ, ಅಂಥ ಅಣುವೇ ಇಲ್ಲ, ಶಕ್ತಿ ಕೂತಿರುವುದು ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಆಹಾರ ಉರಿಸುವ ಪುಟ್ಟ ಕಣ) ಒಳಪೊರೆಯ ಎರಡು ಬದಿಯ ನಡುವಿನ ವ್ಯತ್ಯಾಸದಲ್ಲಿ ಅಂದ. ಆಹಾರದಿಂದ ಕಿತ್ತ ಎಲೆಕ್ಟ್ರಾನ್‌ಗಳು ಒಂದು ಪ್ರೋಟೀನ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಕೊನೆಗೆ ಆಕ್ಸಿಜನ್ ಸೇರುತ್ತವೆ. ದಾರಿಯುದ್ದಕ್ಕೂ ಆ ಪ್ರೋಟೀನ್‌ಗಳು ಪ್ರೋಟಾನ್‌ಗಳನ್ನು, ಅಂದರೆ ಹೈಡ್ರೋಜನ್ ಅಯಾನುಗಳನ್ನು, ಪೊರೆಯಾಚೆ ತಳ್ಳುತ್ತವೆ. ಆಚೆ ಒತ್ತಿಕೊಂಡಿರುವ ಪ್ರೋಟಾನ್ ಒಳಗೆ ಬರಬೇಕಾದರೆ ಒಂದೇ ಬಾಗಿಲು, ಎಟಿಪಿ ಮಾಡುವ ಕಿಣ್ವ. ಲಿಂಗನಮಕ್ಕಿಯಲ್ಲಿ ನಿಂತ ನೀರು ಕೆಳಗಿಳಿಯುವಾಗ ಶರಾವತಿ ಪವರ್ ಹೌಸಿನ ಟರ್ಬೈನ್ ತಿರುಗಿಸುತ್ತದಲ್ಲ, ಹಾಗೇ.

ಈ ವ್ಯತ್ಯಾಸ ಎಷ್ಟಿರಬಹುದು? ಸುಮಾರು 0.15 ವೋಲ್ಟ್. ಅಷ್ಟೇನಾ ಅನ್ನಬೇಡಿ, ಆ ಪೊರೆಯ ದಪ್ಪ ಐದಾರು ನ್ಯಾನೋಮೀಟರ್ ಮಾತ್ರ. ಮೀಟರ್ ಲೆಕ್ಕಕ್ಕೆ ತಂದರೆ ಮೂರು ಕೋಟಿ ವೋಲ್ಟ್ ಹತ್ತಿರ ಬರುತ್ತದೆ. ಒಣ ಗಾಳಿಯಲ್ಲಿ ಕಿಡಿ ಹಾರಲು ಅದರ ಹತ್ತನೇ ಒಂದು ಭಾಗ ಸಾಕು.

ಮಿಚೆಲ್ ಮಾತನ್ನು ಯಾರೂ ಸುಲಭವಾಗಿ ಒಪ್ಪಲಿಲ್ಲ. ಹೊಟ್ಟೆ ಹುಣ್ಣಿನ ಕಾಟ ತಾಳಲಾರದೆ ಆತ 1963ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಕೆಲಸ ಬಿಟ್ಟ. ಕಾರ್ನ್‌ವಾಲ್‌ನ ಬೋಡ್ಮಿನ್ ಬಳಿ ಗ್ಲಿನ್ ಹೌಸ್ ಅನ್ನುವ ಪಾಳುಬಿದ್ದ ಬಂಗಲೆ ಹಿಡಿದು, ತಾನೇ ಮುಂದೆ ನಿಂತು ರಿಪೇರಿ ಮಾಡಿಸಿದ. ಅಣ್ಣನ ದುಡ್ಡು, ತನ್ನ ದುಡ್ಡು ಸೇರಿಸಿ ಅಲ್ಲೇ ಲ್ಯಾಬ್ ಹಾಕಿದ. ಜೊತೆಗೆ ಜೆನಿಫರ್ ಮೊಯ್ಲ್. ಆಕೆಯ ಕೈಚಳಕ ಇಲ್ಲದಿದ್ದರೆ ಆ ಲ್ಯಾಬಿನ ಅಳತೆಗಳು ನಿಲ್ಲುತ್ತಿರಲಿಲ್ಲ. 1978ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಮಿಚೆಲ್ ಒಬ್ಬನಿಗೇ. ಮೊಯ್ಲ್ ಹೆಸರನ್ನೂ ಸೇರಿಸಬೇಕಿತ್ತು ಅಂತ ನನಗನ್ನಿಸುತ್ತದೆ.

ಆದರೆ ಜನರನ್ನು ಒಪ್ಪಿಸುವಲ್ಲಿ ದೊಡ್ಡ ಪಾತ್ರ ಪಾಲಕ್ ಸೊಪ್ಪಿನದು. ತಮಾಷೆ ಅಲ್ಲ. 1966ರಲ್ಲಿ ಆಂಡ್ರೆ ಯಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಪಾಲಕ್ ಎಲೆಯಿಂದ ಕ್ಲೋರೋಪ್ಲಾಸ್ಟ್ ತೆಗೆದರು. ಎಲೆ ಬೆಳಕನ್ನು ಹಿಡಿಯುವ ಹಸಿರು ಕಣ ಅದು. ಬೆಳಕು ಬಿದ್ದರೆ ಅದು ಎಟಿಪಿ ಮಾಡುವುದು ಎಲ್ಲರಿಗೂ ಗೊತ್ತಿತ್ತು. ಇವರು ಬೆಳಕನ್ನೇ ಕೊಡಲಿಲ್ಲ. ಕತ್ತಲಲ್ಲಿಟ್ಟು, pH 4ರ ಹುಳಿ ದ್ರಾವಣದಲ್ಲಿ ಸ್ವಲ್ಪ ಹೊತ್ತು ನೆನೆಸಿದರು, ಒಳಗಿನ ಚೀಲಗಳೆಲ್ಲ ಹುಳಿಯಾಗಲಿ, ಅಂದರೆ ಪ್ರೋಟಾನ್ ತುಂಬಿಕೊಳ್ಳಲಿ ಅಂತ. ಆಮೇಲೆ ಎಡಿಪಿ, ಫಾಸ್ಫೇಟ್ ಇಟ್ಟುಕೊಂಡು ಒಮ್ಮೆಲೇ pH 8ರ ದ್ರಾವಣಕ್ಕೆ ಬದಲಾಯಿಸಿದರು. ಒಳಗೆ ಹುಳಿ, ಹೊರಗೆ ಇಲ್ಲ. ಪ್ರೋಟಾನ್ ಒಳಗಿಂದ ಹೊರಕ್ಕೆ ನುಗ್ಗಿತು, ಎಟಿಪಿ ತಯಾರಾಯಿತು! ಬೆಳಕಿಲ್ಲ, ಎಲೆಕ್ಟ್ರಾನ್ ಓಡಾಟ ಇಲ್ಲ, ಆ ನಿಗೂಢ ಅಣುವಂತೂ ಇಲ್ಲವೇ ಇಲ್ಲ. ಬರೀ ಹುಳಿಯ ವ್ಯತ್ಯಾಸ. ನನ್ನ ಲೆಕ್ಕದಲ್ಲಿ ಜೀವಶಾಸ್ತ್ರದ ಅತ್ಯಂತ ಚೊಕ್ಕ ಪ್ರಯೋಗಗಳಲ್ಲಿ ಇದೂ ಒಂದು.

1974ರಲ್ಲಿ ಎಫ್ರೈಮ್ ರ‍್ಯಾಕರ್ ಮತ್ತು ವಾಲ್ಟರ್ ಸ್ಟೋಕೆನಿಯಸ್ ಇನ್ನೂ ಒಂದು ಹೆಜ್ಜೆ ಹೋದರು. ಸೋಯಾದಿಂದ ತೆಗೆದ ಕೊಬ್ಬಿನ ಪುಟ್ಟ ಚೀಲಗಳು. ಅದರಲ್ಲಿ ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ನೇರಳೆ ಬಣ್ಣದ ಪ್ರೋಟೀನ್, ಬೆಳಕು ಬಿದ್ದರೆ ಪ್ರೋಟಾನ್ ತಳ್ಳುವಂಥದ್ದು. ಜೊತೆಗೆ ದನದ ಹೃದಯದಿಂದ ತೆಗೆದ ಎಟಿಪಿ ಕಿಣ್ವ. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ವಸ್ತು, ಅಲ್ವಾ? ಬೆಳಕು ಬಿಟ್ಟರೆ ಎಟಿಪಿ ಬಂತು. ಅಲ್ಲಿಗೆ ಜಗಳ ಬಹುಮಟ್ಟಿಗೆ ಮುಗಿಯಿತು.

ಆ ಕಿಣ್ವ ನಿಜವಾಗಿ ತಿರುಗುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅಮೆರಿಕದ ಪಾಲ್ ಬಾಯರ್ ತಿರುಗುತ್ತದೆ ಅಂತ ವಾದಿಸುತ್ತಿದ್ದ. ಇಂಗ್ಲೆಂಡಿನ ಜಾನ್ ವಾಕರ್ 1994ರಲ್ಲಿ ಅದರ ರಚನೆ ಬಿಡಿಸಿದಾಗ ನಡುವಿನ ಕಂಬ ಓರೆಕೋರೆಯಾಗಿ ಕಂಡಿತು, ತಿರುಗಲೆಂದೇ ಮಾಡಿದ ಹಾಗೆ. ಆದರೂ ಕಣ್ಣಾರೆ ಕಂಡವರಿಲ್ಲ. 1997ರಲ್ಲಿ ಜಪಾನಿನಲ್ಲಿ ಹಿರೊಯುಕಿ ನೊಜಿ ಮತ್ತು ಜೊತೆಗಾರರು ಕಿಣ್ವದ ತಲೆಭಾಗವನ್ನು ಗಾಜಿಗೆ ಬುಡಮೇಲಾಗಿ ಅಂಟಿಸಿ, ಆ ಕಂಬದ ತುದಿಗೆ ಹೊಳೆಯುವ ಆ್ಯಕ್ಟಿನ್ ಎಳೆಯೊಂದನ್ನು ಕಟ್ಟಿ ಎಟಿಪಿ ಹಾಕಿದರು. ಕಿಣ್ವದ ಅಡ್ಡಳತೆ ಹತ್ತು ನ್ಯಾನೋಮೀಟರ್, ಎಳೆ ಅದಕ್ಕಿಂತ ನೂರು ಪಟ್ಟು ಉದ್ದ. ಮೈಕ್ರೋಸ್ಕೋಪಿನಲ್ಲಿ ಆ ಎಳೆ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಗರಗರ ತಿರುಗುತ್ತಿತ್ತು. ಇಲ್ಲಿ ಎಟಿಪಿ ಮುರಿದು ಕಂಬ ತಿರುಗಿತು, ಜೀವಕೋಶದಲ್ಲಿ ಪ್ರೋಟಾನ್ ಕಂಬ ತಿರುಗಿಸಿ ಎಟಿಪಿ ಕಟ್ಟುತ್ತದೆ. ಯಂತ್ರ ಒಂದೇ, ಎರಡೂ ಕಡೆ ಓಡುತ್ತದೆ. ಅದೇ ವರ್ಷ ಬಾಯರ್, ವಾಕರ್ ಇಬ್ಬರಿಗೂ ನೊಬೆಲ್.

ಒಂದು ಸುತ್ತಿಗೆ ಮೂರು ಎಟಿಪಿ. ಪ್ರಾಣಿಗಳಲ್ಲಿ ಆ ಸುತ್ತು ಮುಗಿಯಲು ಎಂಟು ಪ್ರೋಟಾನ್ ಬೇಕು. ಎಡಿಪಿ, ಫಾಸ್ಫೇಟ್ ಒಳಗೆ ತರುವ ಖರ್ಚು ಬೇರೆ. ಎಂಟನ್ನು ಮೂರರಿಂದ ಭಾಗಿಸಿ ನೋಡಿ, ಪೂರ್ಣ ಸಂಖ್ಯೆ ಬರುವುದಿಲ್ಲ. ಹಾಗಾಗಿ ಆ 38 ಅನ್ನುವುದು ಹಳೆಯ ಲೆಕ್ಕ, ಈಗ ಹೇಳುವುದು 30ರ ಆಸುಪಾಸು. ಪರೀಕ್ಷೆಗೆ ಹೋಗುವವರು ದಯವಿಟ್ಟು ಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ, ನನ್ನ ಮಾತು ಕೇಳಿ ಮಾರ್ಕ್ಸ್ ಕಳೆದುಕೊಳ್ಳಬೇಡಿ.

ಇಷ್ಟಾದ ಮೇಲೆ ಪೊರೆ ಸೋರಿದರೆ ಏನಾಗುತ್ತದೆ ಅಂತ ಯೋಚಿಸಿ. ಪ್ರೋಟಾನ್ ಕಿಣ್ವದ ದಾರಿ ಬಿಟ್ಟು ಬೇರೆ ಕಡೆಯಿಂದ ಒಳಗೆ ಬಂದರೆ ಎಟಿಪಿ ಇಲ್ಲ. ಆಹಾರ ಮಾತ್ರ ಉರಿಯುತ್ತಲೇ ಇರುತ್ತದೆ, ಇನ್ನೂ ಜೋರಾಗಿ. ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಡೈನೈಟ್ರೋಫೀನಾಲ್ ಅಂತ ಒಂದು ಹಳದಿ ಪುಡಿ ಇದೆ, ಡಿಎನ್‌ಪಿ. ಹೊರಗೆ ಪ್ರೋಟಾನ್ ಹಿಡಿದು, ಪೊರೆಯಲ್ಲೇ ತೂರಿ, ಒಳಗೆ ಬಿಡುವುದು ಅದರ ಗುಣ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಇದನ್ನು ಮುಟ್ಟುತ್ತಿದ್ದ ಕೆಲಸಗಾರರು ಬೆವರಿ, ಸೊರಗಿ, ಕೆಲವರು ಮೈ ಕಾದು ಸತ್ತೇ ಹೋದರು. 1933ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ಇದನ್ನೇ ತೂಕ ಇಳಿಸುವ ಔಷಧಿ ಅಂತ ಹೇಳಿದರು, ನೋಡನೋಡುತ್ತಲೇ ಅಮೆರಿಕದಲ್ಲಿ ಲಕ್ಷದಷ್ಟು ಜನ ನುಂಗಿದರು. ತೂಕ ಇಳಿದದ್ದು ನಿಜ. ಕೆಲವರಿಗೆ ಚಿಕ್ಕ ವಯಸ್ಸಿನಲ್ಲೇ ಕಣ್ಣಿಗೆ ಪೊರೆ ಬಂತು, ಕೆಲವರು ಸತ್ತರು. 1938ರಲ್ಲಿ ಅಲ್ಲಿನ ಸರ್ಕಾರ ಇದು ಮನುಷ್ಯರು ತಿನ್ನುವ ವಸ್ತುವೇ ಅಲ್ಲ ಅಂದಿತು. ಈಗಲೂ ಕದ್ದುಮುಚ್ಚಿ "ಫ್ಯಾಟ್ ಬರ್ನರ್" ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರೆ, ಈಗಲೂ ಸಾಯುತ್ತಾರೆ. ಡೋಸ್ ಜಾಸ್ತಿಯಾದರೆ ಇದಕ್ಕೆ ಪ್ರತಿವಿಷ ಇಲ್ಲ. ಮೆದುಳು ಏರಿಸಿದ ಜ್ವರ ಅಲ್ಲವಾದ್ದರಿಂದ ಜ್ವರದ ಮಾತ್ರೆಯನ್ನೂ ನೆಚ್ಚುವ ಹಾಗಿಲ್ಲ. ಜಿಮ್ಮಿಗೆ ಹೋಗುವ ಹುಡುಗರು ಇದೊಂದು ಪ್ಯಾರಾ ಓದಿದರೂ ಸಾಕು.

ವಿಚಿತ್ರ ಅಂದರೆ ಇದೇ ಸೋರಿಕೆಯನ್ನು ನಮ್ಮ ಮೈ ಬೇಕೆಂದೇ ಮಾಡಿಕೊಳ್ಳುತ್ತದೆ. ಹಸುಗೂಸಿಗೆ ದೊಡ್ಡವರ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಬಾಣಂತಿ ಕೋಣೆ ಬೆಚ್ಚಗಿಟ್ಟು, ಎರೆದ ಕೂಡಲೇ ಕೂಸನ್ನು ಸುತ್ತಿಡುವ ಅಜ್ಜಿಯರಿಗೆ ಅದು ಗೊತ್ತೇ ಇದೆ. ಕೂಸಿನ ಬೆನ್ನಿನಲ್ಲಿ ಹೆಗಲ ಮೂಳೆಗಳ ನಡುವೆ, ಕತ್ತಿನ ಸುತ್ತ ಕಂದು ಬಣ್ಣದ ಕೊಬ್ಬು ಇರುತ್ತದೆ. ಆ ಬಣ್ಣ ಬರುವುದು ಒಳಗೆ ಕಿಕ್ಕಿರಿದ ಮೈಟೊಕಾಂಡ್ರಿಯಗಳಲ್ಲಿನ ಕಬ್ಬಿಣದಿಂದ. ಚಳಿಯಾದಾಗ ಅಲ್ಲಿ ಯುಸಿಪಿ1 ಅನ್ನುವ ಪ್ರೋಟೀನ್ ಪೊರೆಯಲ್ಲಿ ದಾರಿ ಬಿಡುತ್ತದೆ, ಪ್ರೋಟಾನ್ ಅದರಲ್ಲಿ ನುಸುಳುತ್ತದೆ, ಕೊಬ್ಬು ಬರೀ ಬಿಸಿಗಾಗಿ ಉರಿಯುತ್ತದೆ. ಚಳಿ ಹೋದರೆ ಬಂದ್. ಡಿಎನ್‌ಪಿಗೆ ಇಲ್ಲದ್ದು ಈ ಬಂದ್ ಮಾಡುವ ಬುದ್ಧಿಯೇ. ದೊಡ್ಡವರಲ್ಲಿ ಈ ಕೊಬ್ಬು ಕೆಲಸ ಮಾಡುವುದಿಲ್ಲ ಅಂತಲೇ ತುಂಬ ಕಾಲ ಅಂದುಕೊಂಡಿದ್ದರು, 2009ರಲ್ಲಿ ಸ್ಕ್ಯಾನ್‌ಗಳು ನಮ್ಮಲ್ಲೂ ಅಷ್ಟಿಷ್ಟು ಇದೆ ಅಂತ ತೋರಿಸಿದವು.

ತಾವರೆ ಹೂವೂ ಬಿಸಿಯಾಗುತ್ತದೆ, ಗೊತ್ತಾ? ಗಾಳಿ 10 ಡಿಗ್ರಿಗೆ ಇಳಿದರೂ ಅರಳುವ ದಿನಗಳಲ್ಲಿ ಹೂವಿನ ಒಳಗೆ 30 ಡಿಗ್ರಿ ದಾಟಿಸಿ ಇಟ್ಟುಕೊಳ್ಳುತ್ತದೆ. ಅದರ ಉಪಾಯ ಬೇರೆ. ಪ್ರೋಟಾನ್ ಸೋರಿಸುವ ಬದಲು, ಪ್ರೋಟಾನ್ ತಳ್ಳದ ಒಂದು ಅಡ್ಡದಾರಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಆಕ್ಸಿಜನ್‌ಗೆ ಸೇರಿಸಿಬಿಡುತ್ತದೆ.

ಇನ್ನು ಯುಸಿಪಿ1 ಇಲ್ಲದ ಕಡೆ, ಲಿವರ್‌ನಲ್ಲಿ, ಸ್ನಾಯುವಿನಲ್ಲಿ ಕೂಡ ಪೊರೆ ಸದಾ ಸ್ವಲ್ಪ ಸೋರುತ್ತಲೇ ಇರುತ್ತದೆ. ಇಲಿಗಳಲ್ಲಿ ಅಳೆದು ನೋಡಿದ್ದಾರೆ. ಸುಮ್ನೆ ಮಲಗಿರುವ ಇಲಿ ಬಳಸುವ ಆಕ್ಸಿಜನ್‌ನಲ್ಲಿ ಸುಮಾರು ಐದನೇ ಒಂದು ಪಾಲು ಈ ಸೋರಿಕೆಗೇ ಹೋಗುತ್ತದೆ. ಅಷ್ಟೇ ಗಾತ್ರದ, ಮೈ ಅಷ್ಟೇ ಬಿಸಿ ಇರುವ ಓತಿಯ ಲಿವರ್ ತೆಗೆದುಕೊಂಡರೆ ಸೋರಿಕೆ ಇಲಿಗಿಂತ ಹಲವು ಪಟ್ಟು ಕಡಿಮೆ. ಬೇಲಿ ಮೇಲಿನ ಓತಿ ನಾಲ್ಕು ಹುಳ ತಿಂದು ದಿನ ಕಳೆಯುವಾಗ ನಮಗೆ, ಇಲಿಗೆ ಮೂರು ಹೊತ್ತು ಬೇಕಾಗುವುದಕ್ಕೆ ಇದೂ ಒಂದು ಕಾರಣ.