ಎಕ್ಸ್‌ಪಿ ಹೊಸದಾಗಿ ಹಾಕಿದ್ಮೇಲೆ ಡಿವಿಡಿ ಡ್ರೈವ್ ಯಾಕೆ ತೆವಳ್ತಿತ್ತು

ನನ್ನ ಹತ್ರ ಒಂದು ಹಳೇ ಸ್ಕ್ಯಾನರ್ ಇದೆ, ಅದರ ಡ್ರೈವರ್ ವಿಂಡೋಸ್ ಎಕ್ಸ್‌ಪಿ ಬಿಟ್ಟು ಇನ್ನೆಲ್ಲೂ ಓಡಲ್ಲ, ಹಾಗಾಗಿ ಅದಕ್ಕೋಸ್ಕರಾನೇ ಒಂದು ಹಳೇ ಡೆಸ್ಕ್‌ಟಾಪ್ ಇಟ್ಕೊಂಡಿದೀನಿ. ನೆಟ್ ಕನೆಕ್ಷನ್ ಕೊಟ್ಟಿಲ್ಲ, ಎಕ್ಸ್‌ಪಿಗೆ ಸಪೋರ್ಟ್ ನಿಂತಿದ್ದು 2014ರ ಏಪ್ರಿಲ್‌ನಲ್ಲಿ, ಅದನ್ನ ಈಗ ನೆಟ್‌ಗೆ ಹಾಕೋದು ಬೇಡ ಬಿಡಿ. ಮೊನ್ನೆ ಅದರ ಹಾರ್ಡ್ ಡಿಸ್ಕ್ ಕೈಕೊಡ್ತು, ಬೇರೆ ಡಿಸ್ಕ್ ಹಾಕಿ ಎಕ್ಸ್‌ಪಿ ಹೊಸದಾಗಿ ಇನ್‌ಸ್ಟಾಲ್ ಮಾಡ್ದೆ. ಶುರುವಲ್ಲಿ ಎಲ್ಲಾ ಚೆನ್ನಾಗೇ ಇತ್ತು. ಆಮೇಲೆ ಡಿವಿಡಿ ಡ್ರೈವ್ ತೆವಳೋಕೆ ಶುರು ಮಾಡ್ತು ನೋಡಿ, ಫೋಟೋ ಬ್ಯಾಕಪ್ ಇರೋ ಡಿಸ್ಕ್ ಹಾಕಿ ಒಂದು ಫೋಲ್ಡರ್ ಕಾಪಿಗೆ ಕೊಟ್ರೆ ಸಾಕು, ಮೌಸ್ ಪಾಯಿಂಟರ್ ತಡವರಿಸುತ್ತೆ, ಓಡ್ತಿರೋ ಹಾಡು ಕಡಿದು ಕಡಿದು ಬರುತ್ತೆ, ಸ್ಟಾರ್ಟ್ ಮೆನು ಒತ್ತಿದ್ರೆ ಅದು ಯಾವಾಗ್ಲೋ ತೆರ್ಕೊಳ್ಳುತ್ತೆ.

ಇಂಥದ್ದಕ್ಕೆ ಎಲ್ರೂ ಮೊದ್ಲು ಹೇಳೋದು ಲೆನ್ಸ್‌ಗೆ ಧೂಳು ಹಿಡಿದಿದೆ, ಇಲ್ಲಾ ಡ್ರೈವ್ ಹೋಗಿದೆ ಅಂತ. ಇರಬಹುದು, ಆದ್ರೆ ಡ್ರೈವ್ ಮಾತ್ರ ನಿಧಾನ ಆಗಿದ್ರೆ ಕಾಪಿ ಲೇಟ್ ಆಗ್ಬೇಕಿತ್ತು ಅಷ್ಟೇ, ಮೌಸ್ ಯಾಕೆ ತಡವರಿಸ್ಬೇಕು? ನನಗೆ ಡೌಟ್ ಬಂದಿದ್ದೇ ಅಲ್ಲಿ. ಯಾವುದು ಎಷ್ಟು ಸಿಪಿಯು ಬಳಸ್ತಿದೆ ಅಂತ ತೋರಿಸೋ ಪ್ರೋಸೆಸ್ ಎಕ್ಸ್‌ಪ್ಲೋರರ್ ತೆಗೆದು ನೋಡಿದ್ರೆ ಯಾವ ಪ್ರೋಗ್ರಾಮೂ ಸಿಪಿಯು ತಿಂತಾ ಇಲ್ಲ, ತಿಂತಿರೋದು ಹಾರ್ಡ್‌ವೇರ್ ಇಂಟರಪ್ಟ್ಸ್ ಅನ್ನೋ ಸಾಲು, ಅಂದ್ರೆ ಡ್ರೈವ್ ಥರದ ಭಾಗಗಳು ಸಿಪಿಯುನ ನಡುವೆ ತಡೆದು ಕರೆಯೋದು. ಡಿಸ್ಕ್ ಹೊರಗೆ ತೆಗೆದ್ರೆ ಅದು ಸೊನ್ನೆ ಹತ್ರ ಇಳಿಯುತ್ತೆ, ಹಾಕಿದ್ರೆ ಮತ್ತೆ ಏರುತ್ತೆ.

ಇದು ಕಂಡ್ರೆ ಸೀದಾ ಡಿವೈಸ್ ಮ್ಯಾನೇಜರ್‌ಗೆ ಹೋಗಿ. ಐಡಿಇ ಎಟಿಎ/ಎಟಿಎಪಿಐ ಕಂಟ್ರೋಲರ್ಸ್ (ಐಡಿಇ ಅಂದ್ರೆ ಡ್ರೈವ್‌ಗಳನ್ನ ಮದರ್‌ಬೋರ್ಡ್‌ಗೆ ಸೇರಿಸೋ ಹಳೇ ವ್ಯವಸ್ಥೆ) ಕೆಳಗೆ ಪ್ರೈಮರಿ, ಸೆಕೆಂಡರಿ ಅಂತ ಎರಡು ಚಾನೆಲ್ ಇರುತ್ತೆ, ಡಿವಿಡಿ ಡ್ರೈವ್ ಇರೋದು ಸಾಮಾನ್ಯವಾಗಿ ಸೆಕೆಂಡರೀಲಿ. ಅದರ ಪ್ರಾಪರ್ಟೀಸ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಟ್ಯಾಬ್. ಅಲ್ಲಿ ಮೇಲಿನ ಡಬ್ಬೀಲಿ ಟ್ರಾನ್ಸ್‌ಫರ್ ಮೋಡ್ 'ಡಿಎಂಎ ಇಫ್ ಅವೈಲಬಲ್' ಅಂತಾನೇ ಇರುತ್ತೆ, ಅದನ್ನ ನೋಡಿ ಸಮಾಧಾನ ಮಾಡ್ಕೋಬೇಡಿ, ಅದು ನಾವು ಕೇಳ್ಕೊಂಡಿದ್ದು ಅಷ್ಟೇ. ಅದರ ಕೆಳಗೆ ಬೂದು ಬಣ್ಣದಲ್ಲಿ 'ಕರೆಂಟ್ ಟ್ರಾನ್ಸ್‌ಫರ್ ಮೋಡ್' ಅಂತ ಇರುತ್ತಲ್ಲ, ನಿಜವಾಗಿ ಸಿಕ್ಕಿರೋದು ಅದು. ನನ್ನದ್ರಲ್ಲಿ ಅಲ್ಲಿ ಪಿಐಓ ಮೋಡ್ ಅಂತಿತ್ತು.

ಡಿಎಂಎ ಅಂದ್ರೆ ಡ್ರೈವ್‌ನಿಂದ ಬರೋ ಡೇಟಾನ ಕಂಟ್ರೋಲರ್ರೇ ಮೆಮೊರಿಗೆ ಹಾಕುತ್ತೆ, ಸಿಪಿಯು ತನ್ನ ಕೆಲಸ ತಾನು ನೋಡ್ಕೊಳ್ಳುತ್ತೆ. ಪಿಐಓದಲ್ಲಿ ಒಂದೊಂದು ತುಣುಕನ್ನೂ ಸಿಪಿಯುನೇ ಎತ್ತಿ ಇಡಬೇಕು, ಯಜಮಾನನೇ ಮೂಟೆ ಹೊರೋಕೆ ನಿಂತ ಹಾಗೆ. ಪಿಐಓ ಮೋಡ್ 4ರ ವೇಗ ಕಾಗದದ ಮೇಲೆ ಸೆಕೆಂಡಿಗೆ 16.7 ಎಂಬಿ, ಡಿವಿಡಿ 1ಎಕ್ಸ್ ಅಂದ್ರೆ ಸುಮಾರು 1.4 ಎಂಬಿ, ಲೆಕ್ಕದ ಪ್ರಕಾರ ಸಿನಿಮಾ ನೋಡೋಕೆ ಧಾರಾಳವಾಗಿ ಸಾಕು. ಆದ್ರೂ ಸಿನಿಮಾ ತಡವರಿಸುತ್ತೆ, ಯಾಕಂದ್ರೆ ವಿಡಿಯೋ ಡಿಕೋಡ್ ಮಾಡ್ಬೇಕಾದ ಸಿಪಿಯು ಮೂಟೆ ಹೊರ್ತಾ ಇರುತ್ತೆ.

ಈಗ ಮುಖ್ಯ ವಿಷಯ. ಹೊಸ ಇನ್‌ಸ್ಟಾಲ್, ಯಾರೂ ಸೆಟ್ಟಿಂಗ್ ಮುಟ್ಟಿಲ್ಲ, ಪಿಐಓಗೆ ಹೋಗಿದ್ದು ಹೇಗೆ? ಎಕ್ಸ್‌ಪಿ ಒಳಗಿನ ಐಡಿಇ ಡ್ರೈವರ್ ತಪ್ಪುಗಳನ್ನ ಎಣಿಸ್ತಾ ಇರುತ್ತೆ. ಟೈಮ್‌ಔಟ್ (ಹೊತ್ತಿಗೆ ಉತ್ತರ ಬರದಿರೋದು), ಸಿಆರ್‌ಸಿ ಎರರ್ (ದಾರೀಲಿ ಡೇಟಾ ಕೆಡೋದು) ಎರಡೂ ಸೇರಿ ಒಟ್ಟು 6 ಆದ್ರೆ ಡಿಎಂಎ ಮೋಡನ್ನ ಒಂದೊಂದೇ ಮೆಟ್ಟಿಲು ಇಳಿಸ್ತಾ ಹೋಗುತ್ತೆ, ಎರರ್ ನಿಲ್ಲದಿದ್ರೆ ಕೊನೆಗೆ ಪಿಐಓಗೆ ತಂದು ಕೂರಿಸುತ್ತೆ, ಆಮೇಲೆ ತಾನಾಗೇ ಮೇಲೆ ಏರಿಸಲ್ಲ. ಗೀರು ಬಿದ್ದ ಒಂದು ಡಿಸ್ಕ್ ಹಾಕಿ ಅದು ಓದೋಕೆ ಒದ್ದಾಡ್ತಾ ಇದ್ರೂ ಸಾಕು, ಈ ಲೆಕ್ಕ ತುಂಬೋಕೆ. ನಿಮಗೆ ಒಂದು ಮಾತೂ ಹೇಳಲ್ಲ, ಟಾಸ್ಕ್‌ಬಾರ್‌ನಲ್ಲಿ ಎಂಥೆಂಥದ್ದಕ್ಕೋ ಬಲೂನ್ ತೋರಿಸೋ ಎಕ್ಸ್‌ಪಿ ಇದಕ್ಕೆ ಮಾತ್ರ ತೋರಿಸಲ್ಲ!

ರೀಇನ್‌ಸ್ಟಾಲ್ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋ ನಂಬಿಕೆಗೂ ಇದೇ ಕಾರಣ ಅಂತ ನನ್ನ ಅನಿಸಿಕೆ. ರೀಇನ್‌ಸ್ಟಾಲ್ ಮಾಡಿದಾಗ ಈ ಲೆಕ್ಕ ಸೊನ್ನೆಯಿಂದ ಶುರು ಆಗುತ್ತೆ, ಡ್ರೈವ್ ಮತ್ತೆ ಡಿಎಂಎಲಿ ಓಡುತ್ತೆ, 'ನೋಡು ಫಾರ್ಮ್ಯಾಟ್ ಹೊಡೆದಿದ್ದಕ್ಕೆ ಹೇಗೆ ಓಡ್ತಿದೆ' ಅಂತೀವಿ. ಎರರ್ ಬರೋ ಮೂಲ ಹಂಗೇ ಇದ್ರೆ ಲೆಕ್ಕ ಮತ್ತೆ ತುಂಬುತ್ತೆ. ಅಷ್ಟಕ್ಕೆ ಇಡೀ ಓಎಸ್ ಕಿತ್ತಾಕೋದೇ ಬೇಡ, ಡಿವೈಸ್ ಮ್ಯಾನೇಜರ್‌ನಲ್ಲಿ ಆ ಚಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ, ಎಕ್ಸ್‌ಪಿ ಅದನ್ನ ಹೊಸದಾಗಿ ಕಂಡುಹಿಡಿದು ಮೋಡ್ ಮತ್ತೆ ಸೆಟ್ ಮಾಡುತ್ತೆ, ಕೆಲವು ಸಲ ಇನ್ನೊಂದು ರೀಸ್ಟಾರ್ಟ್ ಕೇಳುತ್ತೆ. ನನ್ನದ್ರಲ್ಲಿ ಅಲ್ಟ್ರಾ ಡಿಎಂಎ ಮೋಡ್ 2 (ಡಿಎಂಎದ ಒಂದು ವೇಗದ ಮೆಟ್ಟಿಲು) ಅಂತ ಬಂತು, ಕಾಪಿ ಸರಾಗ ಆಯ್ತು, ಆದ್ರೆ ಸ್ವಲ್ಪ ಹೊತ್ತು ಕೆಲಸ ಮಾಡಿದ್ಮೇಲೆ ಮತ್ತೆ ಪಿಐಓ.

ಅಂದ್ರೆ ಎರರ್ ಇನ್ನೂ ಬರ್ತಾ ಇದೆ. ಈವೆಂಟ್ ವ್ಯೂಯರ್, ಸಿಸ್ಟಮ್ ಲಾಗ್, ಸೋರ್ಸ್ ಎಟಿಎಪಿಐ ಅಂತ ಇರೋ ಕೆಂಪು ಗುರುತುಗಳು ಸಾಲಾಗಿ ಕೂತಿದ್ವು. ಗೀರಿಲ್ಲದ ಡಿಸ್ಕ್‌ಗೂ ಅದೇ ಕಥೆ, ಹಂಗಾಗಿ ಡಿಸ್ಕ್ ತಪ್ಪಲ್ಲ. ಕೇಸ್ ಬಿಚ್ಚಿ ನೋಡಿದ್ರೆ ಡಿವಿಡಿ ಡ್ರೈವ್‌ಗೆ ಹೋಗೋ ಪಟ್ಟಿ ಕೇಬಲ್ ಡ್ರೈವ್ ಬೇ ಅಂಚಿಗೆ ಸಿಕ್ಕಿ ಚೂಪಾಗಿ ಮಡಿಚಿಕೊಂಡಿತ್ತು, ಮಡಿಕೆ ಇದ್ದ ಕಡೆ ಪ್ಲಾಸ್ಟಿಕ್ ಬೆಳ್ಳಗಾಗಿತ್ತು. ಅದೂ 40 ತಂತಿದು. ಐಡಿಇ ಕೇಬಲ್‌ನಲ್ಲಿ 40 ತಂತಿದು, 80 ತಂತಿದು ಅಂತ ಎರಡು ಥರ ಇದೆ, ಕನೆಕ್ಟರ್ ಎರಡಕ್ಕೂ ಒಂದೇ, 80ರದ್ರಲ್ಲಿ ಒಂದೊಂದು ಸಿಗ್ನಲ್ ತಂತಿ ಪಕ್ಕ ಒಂದೊಂದು ಗ್ರೌಂಡ್ ತಂತಿ ಜಾಸ್ತಿ, ಹಾಗಾಗಿ ಗೆರೆಗಳು ತುಂಬಾ ಸಣ್ಣಗೆ ಕಾಣುತ್ತೆ. 40ರದ್ರಲ್ಲಿ ಅಲ್ಟ್ರಾ ಡಿಎಂಎ ಮೋಡ್ 2, ಅಂದ್ರೆ ಸೆಕೆಂಡಿಗೆ 33 ಎಂಬಿ ತನಕ ಮಾತ್ರ, ಅದಕ್ಕೂ ಮೇಲೆ ಬೇಕಂದ್ರೆ 80ರದ್ದೇ ಬೇಕು. 80ರದ್ದು ಹಾಕೋವಾಗ ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ (ಒಂದೇ ಕೇಬಲ್‌ನ ಮೊದಲನೇ ಡ್ರೈವ್ ಮಾಸ್ಟರ್, ಎರಡನೇದು ಸ್ಲೇವ್).

ಕೇಬಲ್ ಬದಲಾಯಿಸಿ, ಚಾನೆಲ್ ಮತ್ತೆ ಅನ್‌ಇನ್‌ಸ್ಟಾಲ್ ಮಾಡಿದ್ಮೇಲೆ ಅಲ್ಟ್ರಾ ಡಿಎಂಎ ಮೋಡ್ 4 ಅಂತ ಬಂತು, ಇಳಿದೇ ಇಲ್ಲ. ಕೇಬಲ್ ಮಾತ್ರ ಬದಲಾಯಿಸಿ ಎರಡನೇ ಕೆಲಸ ಬಿಟ್ರೆ ಪಿಐಓನೇ ಉಳ್ಕೊಂಡು 'ಕೇಬಲ್‌ದಲ್ಲ ಸಮಸ್ಯೆ' ಅನ್ಸುತ್ತೆ, ಅದೊಂದು ಹುಷಾರು. ನಿಮ್ಮದ್ರಲ್ಲಿ ಇಷ್ಟಾದ್ರೂ ಡಿಎಂಎ ಬರ್ಲಿಲ್ಲ ಅಂದ್ರೆ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮೊದ್ಲು ತೆರೆಯೋ ಸೆಟ್ಟಿಂಗ್ಸ್) ಆ ಚಾನೆಲ್‌ಗೆ ಡಿಎಂಎ ಆಫ್ ಆಗಿದ್ಯಾ ನೋಡಿ, ಮದರ್‌ಬೋರ್ಡ್‌ನ ಚಿಪ್‌ಸೆಟ್ ಡ್ರೈವರ್ ಹಾಕಿ, ಹೊಸ ಇನ್‌ಸ್ಟಾಲ್ ಆದ್ಮೇಲೆ ಸುಮಾರು ಜನ ಗ್ರಾಫಿಕ್ಸ್, ಸೌಂಡ್ ಹಾಕಿ ಅದನ್ನ ಬಿಟ್ಟಿರ್ತಾರೆ. ಗೀರು ಬಿದ್ದ ಡಿಸ್ಕ್‌ಗಳನ್ನ ನಾನು ಈಗ ಬೇರೆ ಕಂಪ್ಯೂಟರ್‌ನ ಯುಎಸ್‌ಬಿ ಡ್ರೈವ್‌ನಲ್ಲೇ ಓದಿಸ್ಕೊಳ್ತೀನಿ.