ಮುಟ್ಟುವ ಮುಂಚೆ ಒಂದು ಮಾತು

ಹಾಸಿಗೆ ಹಿಡಿದವರ ವಾರ್ಡಿಗೆ ಹೊಸದಾಗಿ ಬರುವ ನರ್ಸ್‌ಗಳಿಗೂ ಆಯಾಗಳಿಗೂ ನಾವು ಮೊದಲ ದಿನ ಕಲಿಸುವ ಪಾಠ ಒಂದೇ: ಮುಟ್ಟುವ ಮುಂಚೆ ಹೇಳಬೇಕು.

ಕೇಳೋಕೆ ಸಣ್ಣ ಮಾತು. ಆದರೆ ಕಣ್ಣು ಮಂಜಾದವರನ್ನು, ಅರೆನಿದ್ದೆಯಲ್ಲಿರುವವರನ್ನು ಹಿಂದಿನಿಂದ ತಟಕ್ಕನೆ ಹಿಡಿದರೆ ಮೈ ಬಿಗಿದುಕೊಳ್ಳುತ್ತದೆ. ಬಿಗಿದ ಮೈ ಭಾರ, ತಿರುಗಿಸುವವರ ಸೊಂಟಕ್ಕೂ ಪೆಟ್ಟು, ಮಲಗಿದವರಿಗೂ ನೋವು. ಮಾರನೆಯ ದಿನ ಯೂನಿಫಾರ್ಮ್ ಕಂಡರೇ ಮುಖ ಕಿವುಚುತ್ತಾರೆ. ಅದಕ್ಕೇ ಮುಂದೆ ಬಂದು, ಕಣ್ಣಿಗೆ ಬಿದ್ದು, ಹೇಳಬೇಕು: "ಅಜ್ಜಿ, ಈಗ ಎಡ ಮಗ್ಗುಲಿಗೆ ತಿರುಗಿಸ್ತೀವಿ. ಮೊದಲು ಭುಜ, ಆಮೇಲೆ ಸೊಂಟ." ಹೇಳಿ ಮೂರು ಎಣಿಸುವಷ್ಟು ಹೊತ್ತು ಕಾಯಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಹೇಳುತ್ತಲೇ ಕೈ ಹಾಕಿಬಿಡುತ್ತಾರೆ. ಆ ಮೂರು ಎಣಿಕೆಯಲ್ಲಿ ಮೈ ಸಡಿಲವಾಗುತ್ತದೆ, ಕೆಲವರು ತಾವೇ ಕಂಬಿ ಹಿಡಿದು ಅರ್ಧ ತಿರುಗುತ್ತಾರೆ.

ಮಗ್ಗುಲು ಬದಲಿಸುವುದು ಸಾಮಾನ್ಯವಾಗಿ 2 ಗಂಟೆಗೊಮ್ಮೆ. ಇಬ್ಬರು ಬೇಕು. ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆ ಎಳೆಯಬಾರದು. ಎಳೆದಾಗ ಚರ್ಮ ಹಾಸಿಗೆಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮೂಳೆ ಜರುಗುತ್ತದೆ. ನಡುವಿನ ಮಾಂಸ ಹಿಂಜಿ, ರಕ್ತನಾಳ ಹಿಚುಕಿಹೋಗುತ್ತದೆ. ಹೊರಗೆ ಏನೂ ಕಾಣದೆ ನಾಲ್ಕು ದಿನದ ಮೇಲೆ ಹುಣ್ಣು ಬಾಯಿ ತೆರೆಯುವುದು ಹೀಗೆ. ಬೆನ್ನ ಕೆಳಗೆ ಅಡ್ಡಲಾಗಿ ಒಂದು ಹತ್ತಿ ಬೆಡ್‌ಶೀಟ್ ಮಡಿಸಿ ಹಾಸಿಟ್ಟು, ಎರಡೂ ಕಡೆಯಿಂದ ಸುರುಳಿ ಹಿಡಿದು ಎತ್ತಿ ಸರಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ. 30 ಡಿಗ್ರಿ ಓರೆ ಸಾಕು: ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಒಂದು, ಮೀನಖಂಡದ ಕೆಳಗೆ ಒಂದು. ಹಿಮ್ಮಡಿಗೂ ಹಾಸಿಗೆಗೂ ನಡುವೆ ಒಂದು ಹಾಳೆ ಸಲೀಸಾಗಿ ತೂರಬೇಕು. ಏರ್ ಬೆಡ್ ತಂದಿದ್ದೀವಲ್ಲ ಎಂದು ತಿರುಗಿಸುವುದನ್ನು ಬಿಡುವ ಮನೆಗಳು ಬಹಳ. ಏರ್ ಬೆಡ್ ಸಹಾಯಕ್ಕೆ ಮಾತ್ರ.

ತಿರುಗಿಸಿದಾಗಲೆಲ್ಲ ಬೆನ್ನ ತುದಿ, ಸೊಂಟ, ಹಿಮ್ಮಡಿ ನೋಡಿ. ಕೆಂಪಗಿದ್ದರೆ ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮೀರಿಲ್ಲ. ಒತ್ತಿದರೂ ಕೆಂಪಾಗೇ ಉಳಿದರೆ ಒಳಗೆ ಪೆಟ್ಟು ಶುರುವಾಗಿದೆ, ಆ ಜಾಗದ ಮೇಲೆ ಮಲಗಿಸಲೇಬೇಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದು, ಬಿಸಿ ಅಥವಾ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಮನೆಯವರು ಪ್ರೀತಿಯಿಂದ ಅಲ್ಲೇ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುತ್ತಾರೆ. ಗದರಬೇಡಿ. ಸೋತ ಚರ್ಮವನ್ನು ತಿಕ್ಕಿದರೆ ಇನ್ನಷ್ಟು ಒಡೆಯುತ್ತದೆ ಎಂದು ತೋರಿಸಿ, ಆ ಎಣ್ಣೆಯನ್ನು ಒಣಗಿದ ಕೈಕಾಲಿಗೆ ನಯವಾಗಿ ಹಚ್ಚುವ ಕೆಲಸ ಕೊಡಿ.

ಮೈ ಒರೆಸುವಾಗ ಪರದೆ ಎಳೆದು, ಫ್ಯಾನ್ ಆರಿಸಿ, ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಲ್ಲಿ ನೋಡಿ. ಒರೆಸುವ ಭಾಗವಷ್ಟೇ ಹೊರಗೆ, ಉಳಿದದ್ದು ಹೊದಿಕೆಯೊಳಗೆ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಉಣಿಸುವವರು ಕೂತೇ ಉಣಿಸಬೇಕು. ನಿಂತು ಉಣಿಸಿದರೆ ರೋಗಿ ಕತ್ತು ಮೇಲೆತ್ತುತ್ತಾರೆ, ಕತ್ತು ಮೇಲಾದರೆ ಗಂಜಿ ಶ್ವಾಸನಾಳಕ್ಕೆ ಜಾರುತ್ತದೆ. ಬೆನ್ನು ನೇರ, ಗದ್ದ ಸ್ವಲ್ಪ ಕೆಳಗೆ, ಅರ್ಧ ಟೀ ಚಮಚ. ಗಂಟಲು ಆಡಿದ್ದು ಕಂಡ ಮೇಲೇ ಮುಂದಿನ ತುತ್ತು. ಊಟವಾದ ಮೇಲೆ ಅರ್ಧ ಗಂಟೆ ಹಾಗೇ ಕೂರಿಸಿಡಿ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಇಳಿಯುತ್ತದೆ. "ಎರಡು ತುತ್ತಾದರೂ ತಿನ್ನಮ್ಮ" ಎಂದು ಮಗಳು ಅಳುತ್ತಿರುತ್ತಾಳೆ. ಬಲವಂತ ಮಾಡಬೇಡಿ ಎಂದಷ್ಟೇ ಹೇಳಿದರೆ ಅವಳ ಕೈ ಬರಿದಾಗುತ್ತದೆ. ಒದ್ದೆ ಗಾಜ್ ಬಟ್ಟೆಯಿಂದ ಅಮ್ಮನ ನಾಲಿಗೆ ಒರೆಸುವುದನ್ನು, ತುಟಿಗೆ ಜೆಲ್ಲಿ ಸವರುವುದನ್ನು ಕಲಿಸಿಕೊಡಿ. ಆಕ್ಸಿಜನ್ ಹಾಕಿದ್ದರೆ ಪೆಟ್ರೋಲಿಯಂ ಜೆಲ್ಲಿ ಬೇಡ, ನೀರಿನಂಶದ ಜೆಲ್ ಬಳಸಿ. ಮತ್ತೆ ಆ ಮಗಳನ್ನೂ ಕೇಳಿ, ನೀವು ಊಟ ಮಾಡಿ ಎಷ್ಟು ಹೊತ್ತಾಯ್ತು ಅಂತ.

ಗಾಯಕ್ಕೆ ಡ್ರೆಸಿಂಗ್ ಇದ್ದರೆ ವೈದ್ಯರು ಬರೆದ ನೋವಿನ ಮಾತ್ರೆಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮುಂಚೆ ಕೊಟ್ಟಿರಬೇಕು. ಟ್ರಾಲಿ ತಳ್ಳಿಕೊಂಡು ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಅಂಟಿದ ಗಾಜ್ ಕಿತ್ತರೆ ಹೊಸ ಚರ್ಮವೂ ಜೊತೆಗೇ ಬರುತ್ತದೆ. ಸಲೈನ್ ಸುರಿದು, ತಾನಾಗಿ ಬಿಡುವವರೆಗೂ ನೆನೆಯಲು ಬಿಡಿ. ವಾಸನೆ ಬಂದರೆ ಮೂಗು ಮುರಿಯುವುದು ಕಣ್ಣಲ್ಲೂ ಕಾಣುತ್ತದೆ, ಮಾಸ್ಕ್ ಅದನ್ನು ಮುಚ್ಚದು.

ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದರೆ ಹಳ್ಳಿಯ ಹಿರಿಯರು ತಬ್ಬಿಬ್ಬಾಗುತ್ತಾರೆ. "ರೂಪಾಯಿಗೆ ಎಷ್ಟಾಣೆ ನೋವು?" ಎನ್ನಿ. "ನಿನ್ನೆ ಹದಿನಾರಾಣೆ, ಇವತ್ತು ಆರಾಣೆ" ಎಂಬ ಉತ್ತರ ಬಂದರೆ ಅದನ್ನು ಹಾಗೇ ಬರೆದುಕೊಳ್ಳಿ. ಬೇರೆ ಭಾಷೆಯವರಾದರೆ ನೋವಿಗೊಂದು, ನೀರಿಗೊಂದು ಮಾತಾದರೂ ಗೊತ್ತಿರಲಿ: ನೋವಿಗೆ ಉರ್ದುವಿನಲ್ಲಿ ದರ್ದ್, ತುಳುವಿನಲ್ಲಿ ಬೇನೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಯ ದಿನಗಳಲ್ಲಿರುವವರ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್ ನೋವನ್ನು ಮೈಗೆ ಮಾತ್ರ ಕಟ್ಟಲಿಲ್ಲ. ಮನಸ್ಸು, ಸಂಸಾರ, ನಂಬಿಕೆ ಎಲ್ಲ ಅದರಲ್ಲಿ ಸೇರಿರುತ್ತವೆ ಎಂದರು. ಆರಾಣೆ ನೋವಿರುವವರೂ ರಾತ್ರಿಯಿಡೀ ನಿದ್ದೆಗೆಡುವುದು ಮಗನ ಸಾಲದ ಚಿಂತೆಗಿರಬಹುದು.

"ಏಳನೇ ಬೆಡ್‌ಗೆ ಮೋಷನ್ ಆಯ್ತಾ?" ಎಂದು ರೋಗಿಯ ತಲೆಯ ಮೇಲಿಂದ ಮಗನನ್ನು ಕೇಳಬಾರದು. ಜೀವನವಿಡೀ ಮೇಷ್ಟ್ರು ಎನಿಸಿಕೊಂಡವರು ಈಗಲೂ ಮೇಷ್ಟ್ರೇ. "ಬೇಗ ಗುಣ ಆಗ್ತೀರಿ" ಎಂಬ ಸುಳ್ಳು ಬೇಡ. "ಐದು ನಿಮಿಷ, ಬಂದೆ" ಎಂದು ಮರೆಯುವುದಂತೂ ಅದಕ್ಕಿಂತ ಕೆಟ್ಟದ್ದು. ಮಲಗಿದವರು ಗೋಡೆ ಗಡಿಯಾರವನ್ನೇ ನೋಡುತ್ತಿರುತ್ತಾರೆ. ಇಪ್ಪತ್ತು ನಿಮಿಷ ಆಗುತ್ತದೆ ಎಂದಾದರೆ ಇಪ್ಪತ್ತು ಎಂದೇ ಹೇಳಿ. ಡ್ಯೂಟಿ ಬದಲಾಗುವಾಗ ಬಿಪಿ, ಮೂತ್ರದ ಲೆಕ್ಕದ ಜೊತೆಗೆ ಇನ್ನೊಂದು ಸಾಲೂ ದಾಟಿಸಿ: ಎಡ ಭುಜ ಮುಟ್ಟಿದರೆ ನೋವು, ಕಾಫಿಗೆ ಸಕ್ಕರೆ ಬೇಡ, ಕತ್ತಲೆ ಎಂದರೆ ಭಯ. ಇಂಥ ಸಾಲು ದಾಟದೆ ಹೋದರೆ ಪ್ರತಿ ಪಾಳಿಯಲ್ಲೂ ಅದೇ ಭುಜ ಹಿಡಿದು ಎಳೆಯುತ್ತಾರೆ.

ಪ್ರಜ್ಞೆ ತಪ್ಪಿದವರ ಹತ್ತಿರವೂ ಹೇಳಿಯೇ ಮುಟ್ಟಬೇಕು, ಅವರಿಗೆ ಕೇಳಿಸುತ್ತಿರಬಹುದು. ಉಸಿರು ನಿಂತ ಮೇಲೂ ನಾವು ಇದನ್ನು ಬಿಡುವುದಿಲ್ಲ. ಕಣ್ಣು ಮುಚ್ಚಿಸಿ, ಪೈಪು ತೆಗೆದು, ಬೆಚ್ಚನೆ ನೀರಿನ ಬಟ್ಟೆ ಹಿಂಡಿಕೊಂಡು, "ಅಜ್ಜಿ, ಈಗ ಮುಖ ಒರೆಸ್ತೀವಿ" ಎನ್ನುತ್ತೇವೆ. ಪರದೆಯ ಆಚೆ ಮಗಳು ನಿಂತಿರುತ್ತಾಳೆ. ಎಷ್ಟೋ ಸಲ ಆ ಮಾತು ಕೇಳಿ ಅವಳೇ ಒಳಗೆ ಬಂದು, ಬಟ್ಟೆಗೆ ಕೈ ಚಾಚುತ್ತಾಳೆ.